ಅರ್ಧ ಗಾದೆ

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಒಂದು ಶುಕ್ರವಾರ ರಾತ್ರಿ ಸರ್ವರ್ ಮಲಗಿಬಿಡ್ತು. ಸೋಮವಾರ ಬೆಳಿಗ್ಗೆ ಮೀಟಿಂಗ್. ಮ್ಯಾನೇಜರ್ ಹಾಕಿದ ಮೊದಲ ಸ್ಲೈಡೇ ಲ್ಯಾಟಿನ್: ‘ಎರ್ರಾರೆ ಹುಮಾನುಮ್ ಎಸ್ತ್’. ತಪ್ಪು ಮಾಡುವುದು ಮನುಷ್ಯ ಸಹಜ ಅಂತ. ಎಲ್ಲರೂ ತಲೆಯಾಡಿಸಿದೆವು. ಅದೇ ವಾರ ಕಾಂಟ್ರಾಕ್ಟ್ ಮೇಲಿದ್ದ ಟೆಸ್ಟಿಂಗ್ ಹುಡುಗನ ಬ್ಯಾಡ್ಜ್ ವಾಪಸ್ ತಗೊಂಡರು. ಆ ಕೋಡ್ ಅವನು ಬರೆದದ್ದಲ್ಲ. ಅದನ್ನು ನೋಡಿ, ಸರಿಯಿದೆ ಅಂತ ಒಪ್ಪಿಗೆ ಕೊಟ್ಟವನು ನಾನು.

ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದ ನನಗೆ ಲ್ಯಾಟಿನ್ ಅಂದರೆ ಮೊದಲಿಂದಲೂ ಒಂಥರಾ ಭಯಭಕ್ತಿ. ಕಂಟೋನ್ಮೆಂಟ್ ಕಡೆ ಅದು ಶಾಲೆಯ ಲಾಂಛನಗಳ ಮೇಲೇ ಇರುತ್ತೆ. 1865ರ ಬಿಷಪ್ ಕಾಟನ್ ಶಾಲೆಯದ್ದು ‘ಬಲಕ್ಕೂ ಅಲ್ಲ, ಎಡಕ್ಕೂ ಅಲ್ಲ’ ಎಂಬರ್ಥದ ಮಾತು. (ಸಂಜೆ ಆರಕ್ಕೆ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ನಿಂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.) ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರ ‘ಸರ್ವತ್ರ’ ಕೂಡ ಬ್ರಿಟಿಷ್ ಇಂಜಿನಿಯರ್ ಪಡೆಯ ‘ಉಬಿಕ್ವೆ’ಯ ಸಂಸ್ಕೃತ ರೂಪ. ಒಂದು ಅರ್ಥವಾಗದ ಭಾಷೆಯಿಂದ ಇನ್ನೊಂದು ಅರ್ಥವಾಗದ ಭಾಷೆಗೆ ಹೋಯಿತು, ಗಾಂಭೀರ್ಯ ಮಾತ್ರ ಹಾಗೇ ಉಳೀತು!

ಧ್ಯೇಯವಾಕ್ಯದ ಮೇಲೆ ನನಗೇನೂ ಕೋಪವಿಲ್ಲ. ಅದು ನೀನು ಹೀಗಿರು ಅನ್ನುತ್ತೆ, ಅಷ್ಟೇ. ಗಾದೆ ಬೇರೆ ಜಾತಿಯದು. ನೀನು ಇರೋದೇ ಹೀಗೆ ಅಂತ ಮುಖಕ್ಕೆ ಹೇಳುತ್ತೆ. ಅದಕ್ಕೇ ಅದನ್ನು ಅರ್ಧಕ್ಕೆ ಕತ್ತರಿಸಿ ಬಳಸೋದು ನಮಗೆ ಅನುಕೂಲ.

ಆ ಸ್ಲೈಡಿನ ಗಾದೆಗೂ ಉತ್ತರಾರ್ಧ ಇದೆ: ಅದೇ ತಪ್ಪಿಗೆ ಅಂಟಿಕೊಂಡು ಕೂರುವುದು ಪಿಶಾಚಿ ಬುದ್ಧಿ ಅಂತ. ಅದಕ್ಕೂ ಮುಂಚೆ ಸಿಸೆರೊ, ಆಂಟನಿಯ ವಿರುದ್ಧದ ಭಾಷಣಮಾಲೆಯಲ್ಲಿ, ಯಾರು ಬೇಕಾದರೂ ತಪ್ಪಬಹುದು, ಅದರಲ್ಲೇ ಮುಂದುವರಿಯುವವನು ಮೂರ್ಖ ಎಂಬ ಅರ್ಥದ ಮಾತು ಆಡಿದ್ದ. ಅಂದರೆ ಈ ಮಾತು ಹುಟ್ಟಿದ್ದು ಕ್ಷಮಿಸಿ ಕೈತೊಳೆದುಕೊಳ್ಳೋದಕ್ಕಲ್ಲ, ತಿದ್ದಿಕೋ ಅಂತ ಗದರೋದಕ್ಕೆ. ನಮ್ಮ ಸ್ಲೈಡಿನಲ್ಲಿ ಗದರಿಕೆ ಹೋಗಿ ಕ್ಷಮೆ ಉಳಿದಿತ್ತು. ಆ ಕ್ಷಮೆಯೂ ಪರ್ಮನೆಂಟ್ ನೌಕರರಿಗೆ ಮಾತ್ರ.

ಇಂಥದ್ದಕ್ಕೆ ನಮ್ಮೂರಲ್ಲಿ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಅಂತಾರೆ. ಲ್ಯಾಟಿನ್ ಮಾತಿನಲ್ಲಿ ಬರೀ ‘ಮನುಷ್ಯ’ ಇದ್ದಾನೆ, ಅವನಿಗೆ ಹೆಸರಿಲ್ಲ, ಸಂಬಳವಿಲ್ಲ. ನಮ್ಮದರಲ್ಲಿ ಎತ್ತು ಯಾರು, ಎಮ್ಮೆ ಯಾರು ಅಂತ ಕೊಟ್ಟಿಗೆಯಲ್ಲಿ ಇರುವವರಿಗೆಲ್ಲ ಗೊತ್ತು. ಹಾಗಂತ ಕನ್ನಡದ ಗಾದೆ ಎಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಹೆಂಗಸರ ಮೇಲೆ, ಜಾತಿಗಳ ಮೇಲೆ ಇರುವ ಗಾದೆಗಳನ್ನು ನನ್ನ ಮಗಳಿಗೆ ಹೇಳಿಕೊಡೋ ಧೈರ್ಯ ನನಗಿಲ್ಲ. ಕತ್ತರಿ ಹಾಕೋದರಲ್ಲೂ ನಾವು ಕಮ್ಮಿಯಿಲ್ಲ. ‘ದುಡ್ಡೇ ದೊಡ್ಡಪ್ಪ’ ಅಂದು ನಿಲ್ಲಿಸಿಬಿಡ್ತೀವಿ, ‘ವಿದ್ಯೆ ಅವರಪ್ಪ’ ಅನ್ನೋದು ಸ್ಕೂಲ್ ಫೀಸ್ ಕಟ್ಟೋವಾಗ ಮಾತ್ರ ನೆನಪಾಗೋದು.

ಹೀಗೆ ಹುಡುಕ್ತಾ ಹುಡುಕ್ತಾ ಇನ್ನೊಂದು ಸಿಕ್ತು, ಆವತ್ತಿನಿಂದ ಅದು ನನ್ನನ್ನು ಬಿಟ್ಟಿಲ್ಲ. ‘ಕ್ವಿ ತಾಚೆತ್ ಕೊನ್ಸೆಂತಿರೆ ವಿದೆತುರ್’. ಸುಮ್ಮನಿದ್ದವನು ಒಪ್ಪಿದಂತೆ. 1298ರಲ್ಲಿ ಪೋಪ್ ಎಂಟನೇ ಬೋನಿಫಾಚೆ ಹೊರಡಿಸಿದ ಚರ್ಚ್ ಕಾನೂನಿನ ಸಂಗ್ರಹದಲ್ಲಿ ಇದೂ ಒಂದು ಸೂತ್ರ. ನಮ್ಮಲ್ಲಿ ‘ಮೌನಂ ಸಮ್ಮತಿ ಲಕ್ಷಣಂ’ ಅಂತ ಹೆಣ್ಣು ನೋಡೋ ಶಾಸ್ತ್ರದಲ್ಲಿ ತಲೆ ತಗ್ಗಿಸಿ ಕೂತ ಹುಡುಗಿ ಮೇಲೆ ಹೇರ್ತಾರಲ್ಲ, ಅದೇ. ಆದರೆ ಲ್ಯಾಟಿನ್ ವಕೀಲರು ಇದಕ್ಕೊಂದು ಬಾಲ ಸೇರಿಸ್ತಾರೆ: ಮಾತಾಡಬೇಕಾಗಿದ್ದು, ಮಾತಾಡಲು ಸಾಧ್ಯವೂ ಇದ್ದಾಗ. ಆ ಬಾಲ ಹುಡುಗಿಯನ್ನು ಬಿಟ್ಟುಬಿಡುತ್ತೆ, ಯಾಕಂದರೆ ಅಲ್ಲಿ ಅವಳಿಗೆ ಮಾತಾಡೋಕೆ ಸಾಧ್ಯವಿತ್ತು ಅಂತ ಯಾರು ಹೇಳ್ತಾರೆ?

ನನ್ನನ್ನು ಬಿಡಲ್ಲ. ಆವತ್ತು ಮೀಟಿಂಗಿನಲ್ಲಿ ನನ್ನ ಮೈಕ್ ಆನ್ ಇತ್ತು.