ಪ್ರತಿ ಕಣಕ್ಕೂ ತನ್ನದೇ ಕಾಲ: ಬಹುಕಾಲಚರ ತರಂಗಫಲನದ ಸಾಧನೆ ಮತ್ತು ಮಿತಿ

ಶ್ರೋಡಿಂಗರ್ ರೂಪಿಸಿದ ಕ್ವಾಂಟಂ ಯಂತ್ರಶಾಸ್ತ್ರದಲ್ಲಿ ಕಣಗಳ ವ್ಯವಸ್ಥೆಯೊಂದರ ಸ್ಥಿತಿಯನ್ನು ತರಂಗಫಲನ ಎಂಬ ಗಣಿತ ರಚನೆ ಹೇಳುತ್ತದೆ. ಯಾವ ಕಣ ಎಲ್ಲಿ ಸಿಕ್ಕೀತು ಎಂಬ ಸಂಭವನೀಯತೆಯನ್ನು ಆ ಫಲನದ ಪರಿಮಾಣದ ವರ್ಗದಿಂದ ಪಡೆಯಲಾಗುತ್ತದೆ. ಎರಡು ಕಣಗಳಿದ್ದರೆ ಒಂದೊಂದಕ್ಕೆ ಮೂರರಂತೆ 6 ಸ್ಥಾನಚರಗಳು ಈ ಫಲನದಲ್ಲಿ ಇರುತ್ತವೆ, ಕಾಲಚರ ಮಾತ್ರ ಒಂದೇ. ದೇಶವನ್ನೂ ಕಾಲವನ್ನೂ ಒಂದೇ ಹಂದರದಲ್ಲಿ ಇರಿಸುವ ಸಾಪೇಕ್ಷತಾ ಸಿದ್ಧಾಂತಕ್ಕೆ ಈ ಏರ್ಪಾಡು ಒಗ್ಗುವುದಿಲ್ಲ. ಒಬ್ಬ ವೀಕ್ಷಕನಿಗೆ ಏಕಕಾಲದಲ್ಲಿ ನಡೆದಂತೆ ತೋರುವ ಎರಡು ದೂರದ ಘಟನೆಗಳು ಅವನಿಗೆ ಸಾಪೇಕ್ಷವಾಗಿ ಚಲಿಸುತ್ತಿರುವ ಮತ್ತೊಬ್ಬನಿಗೆ ಬೇರೆ ಬೇರೆ ಕ್ಷಣಗಳಲ್ಲಿ ನಡೆದಿರಬಹುದಾದ್ದರಿಂದ, ಮೊದಲನೆಯವನ ವಿವರಣೆಯಿಂದ ಎರಡನೆಯವನ ವಿವರಣೆಯನ್ನು ಪಡೆಯಬೇಕಾದರೆ ಒಂದು ಕಣ ಒಂದು ಕ್ಷಣದಲ್ಲಿ, ಇನ್ನೊಂದು ಕಣ ಬೇರೊಂದು ಕ್ಷಣದಲ್ಲಿ ಇರುವ ಸಂದರ್ಭಕ್ಕೂ ಫಲನಕ್ಕೆ ಬೆಲೆಯಿರಬೇಕು. ಒಂದೇ ಕಾಲಚರವುಳ್ಳ ಫಲನದಲ್ಲಿ ಅಂತಹ ಬೆಲೆಗೆ ಜಾಗವೇ ಇಲ್ಲ.

ಈ ಕೊರತೆಯನ್ನು ತುಂಬುವ ದಾರಿಯನ್ನು ಪಾಲ್ ಡಿರಾಕ್ 1932ರಲ್ಲಿ ತೋರಿಸಿದರು. ಪ್ರತಿ ಕಣಕ್ಕೂ ಸ್ಥಾನದ ಜೊತೆಗೆ ಪ್ರತ್ಯೇಕ ಕಾಲಚರವನ್ನೂ ಕೊಟ್ಟರೆ, ಎರಡು ಕಣಗಳ ಫಲನ 7 ಚರಗಳ ಬದಲು 8 ಚರಗಳದ್ದಾಗುತ್ತದೆ, ಅಂದರೆ ದೇಶಕಾಲದ ಎರಡು ಬಿಂದುಗಳನ್ನು ಅವಲಂಬಿಸುತ್ತದೆ. ಎಲ್ಲ ಕಾಲಚರಗಳನ್ನೂ ಸಮವೆಂದು ಇಟ್ಟಾಗ ಹಳೆಯ ತರಂಗಫಲನವೇ ಮರಳಿ ದೊರೆಯುವುದರಿಂದ, ಇದು ಹಳೆಯದನ್ನು ತಳ್ಳಿಹಾಕದೆ ತನ್ನೊಳಗೆ ಇರಿಸಿಕೊಂಡ ವಿಸ್ತರಣೆಯಾಗಿದೆ. ಅದೇ ವರ್ಷ ಡಿರಾಕ್, ವ್ಲಾದಿಮಿರ್ ಫಾಕ್ ಮತ್ತು ಬೋರಿಸ್ ಪೊಡೋಲ್ಸ್ಕಿ ಮೂವರೂ ಸೇರಿ ಈ ಕಲ್ಪನೆಯನ್ನು ಕ್ವಾಂಟಂ ವಿದ್ಯುದ್ಗತಿಶಾಸ್ತ್ರಕ್ಕೆ ಅನ್ವಯಿಸಿ, ಅದು ಹೈಸನ್‌ಬರ್ಗ್ ಮತ್ತು ಪೌಲಿ ಕಟ್ಟಿದ್ದ ಕ್ಷೇತ್ರಸಿದ್ಧಾಂತಕ್ಕೆ ಸಮಾನವಾದುದೆಂಬುದಕ್ಕೆ ಸರಳವಾದ ಸಾಧನೆಯನ್ನು ಕೊಟ್ಟರು.

ಕಾಲಚರಗಳು ಹಲವಾದರೆ ಸಮೀಕರಣಗಳೂ ಹಲವಾಗುತ್ತವೆ, ಏಕೆಂದರೆ ಒಂದೊಂದು ಕಾಲದಲ್ಲಿ ಫಲನ ಹೇಗೆ ಬದಲಾಗುತ್ತದೆಂಬುದನ್ನು ಒಂದೊಂದು ಸಮೀಕರಣ ಹೇಳಬೇಕು. ಈ ಸಮೀಕರಣಗಳ ನಡುವೆ ಹೊಂದಾಣಿಕೆ ಇರಲೇಬೇಕು: ಗುಡ್ಡದ ಒಂದು ಜಾಗವನ್ನು ಯಾವ ದಾರಿಯಿಂದ ತಲುಪಿದರೂ ಅದರ ಎತ್ತರ ಒಂದೇ ಆಗಿರುವಂತೆ, ಮೊದಲ ಕಣದ ಕಾಲವನ್ನು ಮುಂದೂಡಿ ಆಮೇಲೆ ಎರಡನೆಯದರ ಕಾಲವನ್ನು ಮುಂದೂಡಿದರೂ, ಈ ಕ್ರಮವನ್ನು ತಿರುಗಿಸಿದರೂ, ಫಲನದ ಬೆಲೆ ಒಂದೇ ಬರಬೇಕು. ಇದನ್ನು ಸುಸಂಗತತೆಯ ನಿಬಂಧನೆ ಎನ್ನಬಹುದು. ಫೆಲಿಕ್ಸ್ ಬ್ಲಾಖ್ 1934ರಲ್ಲಿ ಈ ನಿಬಂಧನೆಯನ್ನು ಪರಿಶೀಲಿಸಿ, ಕಣಗಳ ಬಿಂದುಗಳು ಪರಸ್ಪರ ದೇಶಸದೃಶ ಅಂತರದಲ್ಲಿರುವಾಗ, ಅಂದರೆ ಬೆಳಕು ಕೂಡ ಒಂದರಿಂದ ಇನ್ನೊಂದನ್ನು ತಲುಪಲಾರದಷ್ಟು ಅವು ದೂರವಿರುವಾಗ, ಫಲನಕ್ಕೆ ಸ್ಪಷ್ಟವಾದ ಭೌತಿಕ ಅರ್ಥವಿದೆಯೆಂದು ತೋರಿಸಿದರು. ಫಲನದ ವ್ಯಾಪ್ತಿಯನ್ನು ಹೀಗೆ ಮಿತಗೊಳಿಸಿದ್ದು ಈ ಸಿದ್ಧಾಂತದ ದೌರ್ಬಲ್ಯವಲ್ಲ; ಕಾರ್ಯಕಾರಣ ಸಂಬಂಧವನ್ನು ಹೊರಗಿನಿಂದ ಹೇರದೆ, ಫಲನ ಎಲ್ಲಿ ಅರ್ಥವತ್ತಾಗಿದೆ ಎಂಬ ಪ್ರಶ್ನೆಯೊಳಗೇ ಅದನ್ನು ಕಂಡುಕೊಂಡ ವಿವೇಕವದು.

ಸ್ವತಂತ್ರ ಕಣಗಳಿಗೆ ಸುಸಂಗತತೆ ತಾನಾಗಿ ಸಿದ್ಧಿಸುತ್ತದೆ. ನಿಜವಾದ ಪರೀಕ್ಷೆ ಇರುವುದು ಕಣಗಳ ಪರಸ್ಪರ ಕ್ರಿಯೆಯಲ್ಲಿ. ಪರಮಾಣುವಿನ ಲೆಕ್ಕಾಚಾರದಲ್ಲಿ ಮಾಡುವಂತೆ ಕಣಗಳ ನಡುವಿನ ಅಂತರವನ್ನು ಅವಲಂಬಿಸಿದ ವಿಭವವನ್ನು ಈ ಸಮೀಕರಣಗಳಿಗೆ ಸೇರಿಸಿದ ಕೂಡಲೇ ಹೊಂದಾಣಿಕೆ ಮುರಿಯುತ್ತದೆ. ಸೋರೆನ್ ಪೆಟ್ರಾಟ್ ಮತ್ತು ರೋಡೆರಿಕ್ ತುಮುಲ್ಕ 2014ರಲ್ಲಿ ಪ್ರಕಟಿಸಿದ ಪ್ರಮೇಯಗಳು, ಪರಸ್ಪರ ಕ್ರಿಯೆಯನ್ನು ವಿಭವದ ರೂಪದಲ್ಲಿ ತರುವ ವಿಶಾಲವಾದ ಒಂದು ವರ್ಗದ ಬಹುಕಾಲಚರ ಸಮೀಕರಣಗಳು ಸುಸಂಗತವಾಗಲಾರವೆಂದು ಸಾಧಿಸಿದವು. ಇದನ್ನು ಡಿರಾಕ್ ಅವರ ಕಲ್ಪನೆಯ ಸೋಲೆಂದು ಓದುವುದು ಸುಲಭವಾದರೂ ಸರಿಯಲ್ಲ. ವಿಭವವೆಂದರೆ ದೂರದ ಎರಡು ಕಣಗಳು ಅದೇ ಕ್ಷಣದಲ್ಲಿ ಒಂದನ್ನೊಂದು ಎಳೆಯುವ ಅಥವಾ ತಳ್ಳುವ ಚಿತ್ರ. ಆ ತತ್‌ಕ್ಷಣದ ಪ್ರಭಾವಕ್ಕೆ ಸಾಪೇಕ್ಷತೆಯಲ್ಲಿ ಆಸ್ಪದವಿಲ್ಲ. ಒಂದೇ ಕಾಲಚರದ ಬರಹ ಈ ವಿರೋಧವನ್ನು ಮರೆಮಾಚಿ ಲೆಕ್ಕವನ್ನು ಮುಂದುವರಿಸಲು ಬಿಡುತ್ತದೆ. ಬಹುಕಾಲಚರದ ಬರಹ ಅದನ್ನು ಮೊದಲ ಹೆಜ್ಜೆಯಲ್ಲೇ ಬಯಲಿಗೆ ತಂದು ನಿಲ್ಲಿಸುತ್ತದೆ. ತಪ್ಪಾದ ಊಹೆಯೊಂದನ್ನು ಒಳಗೆ ಬಿಟ್ಟುಕೊಳ್ಳದಿರುವುದೇ ಈ ರಚನೆಯ ಅತಿ ದೊಡ್ಡ ಗುಣ.

ಹಾಗಾದರೆ ಪರಸ್ಪರ ಕ್ರಿಯೆಗೆ ಉಳಿದಿರುವ ದಾರಿ ಯಾವುದು ಎಂಬ ಪ್ರಶ್ನೆಗೆ ಇತ್ತೀಚಿನ ಕೃತಿಗಳು ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಟ್ಟಿವೆ. ಪೆಟ್ರಾಟ್ ಮತ್ತು ತುಮುಲ್ಕ ಅವರೇ, ಕಣಗಳು ಹುಟ್ಟುವ ಮತ್ತು ಲಯವಾಗುವ ಮಾದರಿಗಳಲ್ಲಿ, ಅಂದರೆ ಒಂದು ಕಣ ಬಿಡುಗಡೆ ಮಾಡಿದ್ದನ್ನು ಇನ್ನೊಂದು ಹೀರಿಕೊಳ್ಳುವ ಮೂಲಕವೇ ಪ್ರಭಾವ ಸಾಗುವ ಮಾದರಿಗಳಲ್ಲಿ, ಸಮೀಕರಣಗಳು ಸುಸಂಗತವಾಗುತ್ತವೆಂದು ತೋರಿಸಿದರು. ಅಲ್ಲಿ ಕಣಗಳ ಸಂಖ್ಯೆಯೊಂದಿಗೆ ಫಲನದ ಕಾಲಚರಗಳ ಸಂಖ್ಯೆಯೂ ಬದಲಾಗುತ್ತದೆ. ಮಥಿಯಾಸ್ ಲೀನರ್ಟ್ 2015ರಲ್ಲಿ, ದೇಶದ ಒಂದೇ ಆಯಾಮದಲ್ಲಿ ಚಲಿಸುವ ರಾಶಿರಹಿತ ಎರಡು ಡಿರಾಕ್ ಕಣಗಳು ಪರಸ್ಪರ ಸಂಧಿಸುವ ಬಿಂದುಗಳಲ್ಲಿ ಫಲನಕ್ಕೆ ಎಲ್ಲೆ ನಿಬಂಧನೆಯನ್ನು ವಿಧಿಸಿ, ಪೂರ್ಣವಾಗಿ ಬಿಡಿಸಬಹುದಾದ ಮಾದರಿಯೊಂದನ್ನು ರಚಿಸಿದರು. ಮೂರು ಆಯಾಮಗಳ ಜಗತ್ತಿಗೆ ಅದನ್ನು ನೇರವಾಗಿ ಒಯ್ಯಲಾಗದಿದ್ದರೂ, ಸಾಪೇಕ್ಷತೆ, ಪರಸ್ಪರ ಕ್ರಿಯೆ ಮತ್ತು ಒಟ್ಟು ಸಂಭವನೀಯತೆಯ ಸಂರಕ್ಷಣೆ ಮೂರೂ ಒಂದೇ ಸಿದ್ಧಾಂತದಲ್ಲಿ ಕೂಡಿ ಬಾಳಬಲ್ಲವೆಂಬುದಕ್ಕೆ ಆ ಚಿಕ್ಕ ಮಾದರಿ ಗಟ್ಟಿಯಾದ ಸಾಕ್ಷಿ.

ಡಿರಾಕ್ ಅವರ ಕಲ್ಪನೆಯಿಂದ ಪ್ರೇರಿತರಾದ ತೊಮೊನಾಗ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರತಿ ಕಣಕ್ಕೆ ಬದಲಾಗಿ ದೇಶದ ಪ್ರತಿ ಬಿಂದುವಿಗೂ ತನ್ನ ಕಾಲವನ್ನು ಕೊಟ್ಟು, ವ್ಯವಸ್ಥೆಯ ಸ್ಥಿತಿಯನ್ನು ದೇಶಸದೃಶ ಮೇಲ್ಮೈಗಳ ಮೇಲೆ ನಿರೂಪಿಸಿದರು. ಶ್ವಿಂಗರ್ ಮತ್ತು ಫೈನ್‌ಮನ್ ಅವರೊಂದಿಗೆ 1965ರ ನೊಬೆಲ್ ಪಾರಿತೋಷಕವನ್ನು ಅವರಿಗೆ ತಂದುಕೊಟ್ಟ ಸಾಧನೆಯ ಬೇರು ಇಲ್ಲಿದೆ. ಮುಂದೆ ಫೈನ್‌ಮನ್ ಅವರ ರೇಖಾಚಿತ್ರಗಳು ಲೆಕ್ಕಾಚಾರವನ್ನು ಬಹಳ ಹಗುರಗೊಳಿಸಿದ್ದರಿಂದ ತರಂಗಫಲನದ ಚರ್ಚೆ ಹಿಂದೆ ಸರಿಯಿತು. ಬಹುಕಾಲಚರ ವಿಧಾನ ಹೊಸ ಸಂಖ್ಯೆಗಳನ್ನು ಕೊಡುವುದಿಲ್ಲವೆಂಬ ಆಕ್ಷೇಪಣೆ ಈ ಹಿನ್ನೆಲೆಯಲ್ಲಿ ಹುಟ್ಟಿದ್ದು, ಅದರಲ್ಲಿ ಸತ್ಯವೂ ಇದೆ. ಆದರೆ ಚದುರುವಿಕೆಯ ಲೆಕ್ಕಗಳು ಘರ್ಷಣೆಗೆ ಬಹಳ ಮೊದಲಿನ ಮತ್ತು ಬಹಳ ನಂತರದ ಸ್ಥಿತಿಗಳನ್ನು ಹೋಲಿಸುತ್ತವೆಯೇ ಹೊರತು ನಡುವಿನ ಕ್ಷಣಗಳಲ್ಲಿ ವ್ಯವಸ್ಥೆ ಹೇಗಿತ್ತೆಂದು ಹೇಳುವುದಿಲ್ಲ. ಆ ನಡುವಿನ ಸ್ಥಿತಿಯನ್ನು ಯಾವ ವೀಕ್ಷಕನಿಗೂ ವಿಶೇಷ ಸ್ಥಾನ ಕೊಡದೆ, ಬಾಗಿದ ಮೇಲ್ಮೈಗಳ ಮೇಲೂ ಸಂಭವನೀಯತೆಯನ್ನು ಓದಬಹುದಾದ ಒಂದೇ ಫಲನದಲ್ಲಿ ಬರೆಯಬಲ್ಲದ್ದು ಈ ವಿಧಾನದ ಹಿರಿಮೆ.

ಆದರೂ ಇದರ ಮೇಲೆ ಸಲ್ಲದ ಭಾರವನ್ನು ಹೊರಿಸಬಾರದು. ಕಣಗಳ ಸೃಷ್ಟಿ ಮತ್ತು ಲಯದ ಮಾದರಿಗಳಲ್ಲಿ ಅತಿ ಚಿಕ್ಕ ಅಂತರಗಳಿಂದ ಉಂಟಾಗುವ ಅನಂತ ಬೆಲೆಗಳು ಇಲ್ಲಿಯೂ ಹಾಗೆಯೇ ಉಳಿಯುತ್ತವೆ. ಅಳತೆಯ ಹೊತ್ತಿನಲ್ಲಿ ತರಂಗಫಲನ ಕುಸಿಯುವುದೆಂದರೇನು ಎಂಬ ಹಳೆಯ ಪ್ರಶ್ನೆಯನ್ನೂ ಬಹುಕಾಲಚರಗಳು ತಾವಾಗಿ ಬಿಡಿಸುವುದಿಲ್ಲ. ಆದರೆ ಅಂತಹ ಉತ್ತರವನ್ನು ಬರೆಯಲು ಬೇಕಾದ ಭಾಷೆಯನ್ನು ಅವು ಒದಗಿಸುತ್ತವೆ: ತುಮುಲ್ಕ 2006ರಲ್ಲಿ, ಯಾದೃಚ್ಛಿಕವಾಗಿ ತಾನೇ ಕುಸಿಯುವ ತರಂಗಫಲನದ ಸಿದ್ಧಾಂತವನ್ನು ಪರಸ್ಪರ ಕ್ರಿಯೆಯಿಲ್ಲದ ಕಣಗಳ ಮಟ್ಟಿಗೆ ಸಾಪೇಕ್ಷತೆಗೆ ಹೊಂದಿಸಿದಾಗ ಆಧರಿಸಿದ್ದು ಬಹುಕಾಲಚರ ಫಲನವನ್ನೇ. ಲೆಕ್ಕದ ಉಪಕರಣವಾಗಿ ಇದಕ್ಕೆ ದೊರೆಯುವ ಅಂಕ ಕಡಿಮೆ. ಸಾಪೇಕ್ಷ ಕ್ವಾಂಟಂ ಸಿದ್ಧಾಂತ ಜಗತ್ತಿನ ಬಗ್ಗೆ ಏನು ಹೇಳುತ್ತಿದೆ ಎಂದು ಕೇಳುವವರಿಗೆ ಮಾತ್ರ ಇದು ಆರಂಭದ ಪಾಠವಾಗಬೇಕು, ಮತ್ತು ಕ್ವಾಂಟಂ ಯಂತ್ರಶಾಸ್ತ್ರದ ಪಠ್ಯಪುಸ್ತಕಗಳು ಎರಡು ಕಣಗಳ ಅಧ್ಯಾಯದಲ್ಲಿಯೇ ಇದಕ್ಕೆ ಜಾಗ ಕೊಡುವುದು ನ್ಯಾಯ.