ಮೂರು ಸಾಲಿನ ತಾರೀಖು

ಪೈಥಾನ್ ಕಲಿಸುವವರೆಲ್ಲ ಎಂದೋ ಒಂದು ದಿನ ತಾರೀಖಿನ ಲೆಕ್ಕ ಕೊಟ್ಟೇ ಕೊಡುತ್ತಾರೆ. ಟೈಪ್ ಮಾಡಿದ ದಿನ, ತಿಂಗಳು, ವರ್ಷ ಕ್ಯಾಲೆಂಡರಿನಲ್ಲಿ ಇದೆಯೋ ಇಲ್ಲವೋ ಎಂದು ಪ್ರೋಗ್ರಾಮ್ ಹೇಳಬೇಕು. ಇದಕ್ಕೆ ಈಗ ಎಲ್ಲರೂ ಮೆಚ್ಚುವ ಉತ್ತರ ಮೂರು-ನಾಲ್ಕು ಸಾಲಿನದು. ಟ್ರೈ ಒಳಗೆ ಡೇಟ್‌ಟೈಮ್‌ನ ಸ್ಟ್ರ್‌ಪಿಟೈಮ್ ಕರೆಯುವುದು. ದಾಟಿದರೆ ಟ್ರೂ, ವ್ಯಾಲ್ಯೂಎರರ್ ಬಂದರೆ ಫಾಲ್ಸ್. ಅಚ್ಚುಕಟ್ಟು, ಚಿಕ್ಕದು, ತಪ್ಪಿಗೆ ಎಡೆಯಿಲ್ಲದ್ದು ಎಂದು ಅದನ್ನು ಹೊಗಳುತ್ತಾರೆ. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ತಕರಾರು. ಕೋಡಿಗೆ ಮುಂಚೆ ಮಾಡಬೇಕಾದ ಯೋಚನೆಯನ್ನೇ ಈ ಸಾಲುಗಳು ನುಂಗಿಹಾಕುತ್ತವೆ.

ಅವುಗಳನ್ನು ಹತ್ತಿರದಿಂದ ನೋಡೋಣ. ದಿನ, ತಿಂಗಳು, ವರ್ಷ, ನಡುವೆ ಓರೆಗೆರೆ ಎಂಬುದು ನಾವು ಕೇಳಿದ ನಮೂನೆ ಎಂದಿಟ್ಟುಕೊಳ್ಳಿ. 31/02/2024 ಕೊಟ್ಟರೆ, ಆ ತಿಂಗಳಲ್ಲಿ ಆ ದಿನವಿಲ್ಲ ಎಂದು ಪೈಥಾನ್ ಹೇಳುತ್ತದೆ. 31-01-2024 ಕೊಟ್ಟರೆ ನಮೂನೆ ಹೊಂದಲಿಲ್ಲ ಎನ್ನುತ್ತದೆ. 31/01/20245 ಕೊಟ್ಟರೆ ಕೊನೆಯಲ್ಲಿ ಒಂದು ಅಂಕಿ ಮಿಕ್ಕಿದೆ ಎನ್ನುತ್ತದೆ. ಮೂರೂ ಬೇರೆಬೇರೆ ತಪ್ಪುಗಳು. ತಿದ್ದುವ ಬಗೆಯೂ ಬೇರೆ. ಎಕ್ಸೆಪ್ಟ್ ಸಾಲು ಇವೆಲ್ಲವನ್ನೂ ಒಂದೇ ಫಾಲ್ಸ್ ಮಾಡಿ ಮುಗಿಸುತ್ತದೆ. ಅಡ್ಡಗೆರೆ ತೆಗೆದು ಓರೆಗೆರೆ ಹಾಕಿದ್ದರೆ ಸಾಕಿತ್ತು ಎಂಬುದು ಅರ್ಜಿ ತುಂಬುವವರಿಗೆ ಗೊತ್ತಾಗುವುದೇ ಇಲ್ಲ.

ಟ್ರೂ ಎನ್ನುವ ಸಾಲಿನ ಹಾನಿ ಇನ್ನೂ ದೊಡ್ಡದು. ಆ ಹೊತ್ತಿಗೆ ಸ್ಟ್ರ್‌ಪಿಟೈಮ್ ತಾರೀಖನ್ನು ಸರಿಯಾಗಿ ಓದಿ, ಕಟ್ಟಿ, ಕೈಗೆ ಕೊಟ್ಟಿರುತ್ತದೆ. ನಾವು ಅದನ್ನು ಬಿಸಾಡಿ ಬರೀ 'ಹೌದು' ಎನ್ನುತ್ತೇವೆ. ಕರೆದವರ ಬಳಿ ಉಳಿಯುವುದು 03/04/2024 ಎಂಬ ಹಳೆಯ ಸ್ಟ್ರಿಂಗ್ ಮಾತ್ರ. ಮುಂದಿನ ಫಂಕ್ಷನ್ ತಿಂಗಳು ಮೊದಲು ಎಂಬ ಅಮೆರಿಕದ ಕ್ರಮದಲ್ಲಿ ಓದಿದರೆ ಏಪ್ರಿಲ್ 3 ಹೋಗಿ ಮಾರ್ಚ್ 4 ಆಗುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಬರೀ ತಪಾಸಣೆ ಸಾಲದು, ತಪಾಸಣೆಯಿಂದ ತಿಳಿದದ್ದನ್ನು ಖಚಿತ ರೂಪದಲ್ಲಿ ಉಳಿಸಿಕೊಳ್ಳಬೇಕು ಎಂದು ಪ್ರೋಗ್ರಾಮರ್ ಅಲೆಕ್ಸಿಸ್ ಕಿಂಗ್ 2019ರಲ್ಲಿ ಹ್ಯಾಸ್ಕೆಲ್ ಭಾಷೆಯ ಉದಾಹರಣೆಗಳೊಂದಿಗೆ ವಾದಿಸಿದರು. ಪೈಥಾನಿಗೂ ಆ ಮಾತು ಅಷ್ಟೇ ಸಲ್ಲುತ್ತದೆ.

ಎರಡಂಕಿಯ ವರ್ಷಕ್ಕೆ ಅವಕಾಶ ಕೊಟ್ಟರಂತೂ ಶತಮಾನವೇ ಕೈತಪ್ಪುತ್ತದೆ. ಪೈಥಾನ್ 69ರಿಂದ 99ರವರೆಗಿನ ಅಂಕಿಗಳನ್ನು 1900ರ ಲೆಕ್ಕಕ್ಕೂ 00ರಿಂದ 68ರವರೆಗಿನದನ್ನು 2000ದ ಲೆಕ್ಕಕ್ಕೂ ಸೇರಿಸುತ್ತದೆ. ಹಾಗಾಗಿ 15/08/47 ಎಂದರೆ 2047. ಕರ್ನಾಟಕ ಏಕೀಕರಣದ 01/11/56 ಎಂದರೆ 2056. ಎರಡಕ್ಕೂ ಉತ್ತರ ಟ್ರೂ. ಬಳಕೆದಾರರಿಗೆ ಅನುಕೂಲವಾಗಲಿ ಎಂದು ನಮೂನೆಗಳ ಪಟ್ಟಿ ಇಟ್ಟು ಒಂದಾದ ಮೇಲೊಂದು ಪ್ರಯತ್ನಿಸುವವರೂ ಇದ್ದಾರೆ. ಅಲ್ಲಿ 04/13/2024 ಮೊದಲ ನಮೂನೆಯಲ್ಲಿ ಸೋತು ಎರಡನೆಯದರಲ್ಲಿ ಏಪ್ರಿಲ್ 13 ಆಗಿ ಒಳಗೆ ಬರುತ್ತದೆ. ತಪಾಸಣೆ ಮಾಡಬೇಕಾದ ಪ್ರೋಗ್ರಾಮ್ ಊಹೆ ಮಾಡತೊಡಗುತ್ತದೆ.

ಇದಕ್ಕೆ ಎದುರಾಗಿ, ಎಲ್ಲವನ್ನೂ ಕೈಯಾರೆ ಬರೆಯಬೇಕು ಎನ್ನುವ ಇನ್ನೊಂದು ಬಣವಿದೆ. ನಾಲ್ಕರಿಂದ ಭಾಗವಾದರೆ ಲೀಪ್, ನೂರರಿಂದ ಭಾಗವಾದರೆ ಅಲ್ಲ, ನಾನೂರರಿಂದ ಭಾಗವಾದರೆ ಮತ್ತೆ ಲೀಪ್: ಇದನ್ನು ಇಫ್-ಎಲ್ಸ್‌ನಲ್ಲಿ ಬರೆದವರಿಗೆ ತರ್ಕ ಕೈಹತ್ತುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. 2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟ್‌ನ ಅಜೂರ್ ಸೇವೆ ಕುಸಿದದ್ದು, ಒಂದು ಸರ್ಟಿಫಿಕೇಟಿನ ಅವಧಿ ಲೆಕ್ಕಹಾಕುವಾಗ ವರ್ಷಕ್ಕೆ ಒಂದು ಕೂಡಿಸಿ 2013ರ ಫೆಬ್ರವರಿ 29 ಎಂಬ ಇಲ್ಲದ ದಿನವನ್ನು ತಂದದ್ದರಿಂದ. ಆದರೆ ಈ ಬಣದವರು ಲೀಪ್ ವರ್ಷ ಸರಿಹೋದ ಕೂಡಲೇ ಕೆಲಸ ಮುಗಿಯಿತು ಎನ್ನುತ್ತಾರೆ. ಅಂಕಿಯೇ ಎಂದು ನೋಡಲು ಅವರು ಬಳಸುವ ಇಸ್‌ಡಿಜಿಟ್, ವರ್ಗದ ಗುರುತಾದ ಮೇಲಂಕಿ ಎರಡನ್ನೂ ಅಂಕಿ ಎಂದೇ ಒಪ್ಪುತ್ತದೆ. ಮರುಸಾಲಿನ ಇಂಟ್ ಅಲ್ಲೇ ಮುಗ್ಗರಿಸುತ್ತದೆ. ಕನ್ನಡದ ೧೫ ಮಾತ್ರ ಎರಡನ್ನೂ ದಾಟುತ್ತದೆ. ದಾಟಲಿ ಎಂಬುದು ನನ್ನ ಆಸೆ. ಆದರೆ ಅದು ಬರೆದವರು ತಿಳಿದು ಮಾಡಿದ ತೀರ್ಮಾನವಾಗಿರಬೇಕು.

ಎರಡೂ ಬಣಕ್ಕಿಂತ ನನಗೆ ಮೇಲೆನಿಸುವುದು ಆಲ್ ಸ್ವೈಗಾರ್ಟ್ ಅವರ 'ಆಟೊಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್' ಪುಸ್ತಕದ ಎರಡನೆಯ ಆವೃತ್ತಿಯಲ್ಲಿರುವ ಅಭ್ಯಾಸ. ಅದು ಕೆಲಸವನ್ನು ಎರಡು ಹಂತಕ್ಕೆ ಸೀಳುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೀ ಆಕಾರ ನೋಡಲಿ, 31/02/2020 ಅಲ್ಲಿ ದಾಟಿದರೂ ಸರಿ. ಅಂಥ ದಿನ ಇದೆಯೇ ಎಂಬುದನ್ನು ಆಮೇಲಿನ ಕೋಡ್ ನೋಡಲಿ. ಆಕಾರದ ತಪ್ಪು ಬೇರೆ, ಅರ್ಥದ ತಪ್ಪು ಬೇರೆ ಎಂಬುದು ಇಲ್ಲಿ ಯೋಜನೆಯಲ್ಲೇ ಕೂತಿದೆ. ಕೊರತೆ ಇರುವುದು ವರ್ಷದ ವ್ಯಾಪ್ತಿಯಲ್ಲಿ: 1000ದಿಂದ 2999. ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಗ್ರೆಗೋರಿಯನ್‌ಗೆ ಬಂದಾಗ ರೋಮಿನಲ್ಲಿ 1582ರ ಅಕ್ಟೋಬರ್ 4ರ ಮರುದಿನ 15 ಆಯಿತು. ಈ ಪ್ರೋಗ್ರಾಮ್ ನಡುವಿನ 10ನೇ ತಾರೀಖನ್ನೂ ಒಪ್ಪುತ್ತದೆ. ಜೂಲಿಯನ್ ಲೆಕ್ಕದಲ್ಲಿ 1500 ಲೀಪ್ ವರ್ಷವೇ ಆಗಿತ್ತು; ಆ ಫೆಬ್ರವರಿ 29ನ್ನು ಇದು ತಳ್ಳಿಹಾಕುತ್ತದೆ. ಪೈಥಾನಿನ ಡೇಟ್ ಕೂಡ ಇಂದಿನ ಗ್ರೆಗೋರಿಯನ್ ನಿಯಮವನ್ನೇ ವರ್ಷ 1ರವರೆಗೆ ಹಿಂದಕ್ಕೆ ಎಳೆಯುತ್ತದೆ. ವ್ಯಾಪ್ತಿಯನ್ನು ನಿರ್ಧರಿಸಬೇಕಾದದ್ದು ಉದ್ದೇಶ. ಜನ್ಮದಿನವಾದರೆ ನಾಳೆಯ ತಾರೀಖೂ ತಪ್ಪು. ರೈಲು ಬುಕಿಂಗ್ ಆದರೆ ನಿನ್ನೆಯದು ತಪ್ಪು.

ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಆಧಾರ್ ನೋಂದಣಿಯಲ್ಲಿ ಜನ್ಮದಿನವನ್ನು ದಾಖಲೆಯಿಂದ ದೃಢಪಟ್ಟದ್ದು, ಹೇಳಿಕೆಯದು, ಅಂದಾಜಿನದು ಎಂದು ಬೇರ್ಪಡಿಸುತ್ತಾರೆ. ವರ್ಷವಷ್ಟೇ ಇರುವ ಕಾರ್ಡುಗಳೂ ಇವೆ. ದಿನ, ತಿಂಗಳು ಕೊಡಲೇಬೇಕೆಂದು ಹಟ ಹಿಡಿಯುವ ಪ್ರೋಗ್ರಾಮ್ ಇಂಥವರಿಂದ ಸುಳ್ಳು ಬರೆಸಿಕೊಂಡು ಅದಕ್ಕೆ ಟ್ರೂ ಎಂಬ ಮೊಹರು ಒತ್ತುತ್ತದೆ.

ಆದ್ದರಿಂದ ಕಲಿಸುವವರಲ್ಲಿ ನನ್ನ ಕೇಳಿಕೆ ಇದು. ಕೀಬೋರ್ಡ್ ಮುಟ್ಟುವ ಮೊದಲು ವಿದ್ಯಾರ್ಥಿಯಿಂದ ನಾಲ್ಕು ಉತ್ತರ ಬರೆಸಿ: ಯಾವ ಕ್ರಮದ ತಾರೀಖು, ಎಲ್ಲಿಂದ ಎಲ್ಲಿಯವರೆಗೆ, ತಪ್ಪಾದರೆ ಯಾರಿಗೆ ಏನು ಹೇಳುತ್ತೀ, ಸರಿಯಾದರೆ ಏನನ್ನು ಹಿಂದಿರುಗಿಸುತ್ತೀ. ಇವು ಸಿಕ್ಕಮೇಲೆ ಡೇಟ್‌ಟೈಮ್ ಬಳಸಲಿ, ಕೈಯಾರೆ ಬರೆಯಲಿ, ಎರಡೂ ಒಪ್ಪಿಗೆ. ಅಂಕಗಳಲ್ಲಿ ಅರ್ಧವನ್ನಾದರೂ ಆ ಹಾಳೆಗೆ ಕೊಡಿ.