ಕಡಲ ದಡದಲ್ಲಿ ಗೆರೆ ಎಳೆಯುವವರು

ಸರಕಾರದ ಅಧಿಸೂಚನೆಗಳನ್ನು ಗಮನವಿಟ್ಟು ಓದುವ ರೂಢಿ ನಮ್ಮಲ್ಲಿಲ್ಲ. ಕತೆ, ಕಾದಂಬರಿಗಳನ್ನು ಸಾಲು ಸಾಲಾಗಿ ವಿಮರ್ಶೆ ಮಾಡುವ ನಾವು, ಸಾವಿರಾರು ಕುಟುಂಬಗಳ ಮನೆ ಮತ್ತು ದುಡಿಮೆಯನ್ನು ನಿರ್ಧರಿಸುವ ಬರಹಗಳನ್ನು ವಕೀಲರಿಗೂ ಗುತ್ತಿಗೆದಾರರಿಗೂ ಬಿಟ್ಟುಕೊಟ್ಟಿದ್ದೇವೆ. ಕೇಂದ್ರ ಪರಿಸರ ಸಚಿವಾಲಯ 2019ರ ಜನವರಿ 18ರಂದು ಹೊರಡಿಸಿದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅಂತಹ ಒಂದು ಬರಹ. ಇದರ ಆಧಾರದಲ್ಲಿ ತಯಾರಾದ ಕರ್ನಾಟಕದ ಕರಾವಳಿ ನಿರ್ವಹಣಾ ಯೋಜನೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ಹೆಜಮಾಡಿಯಿಂದ ಶಿರೂರಿನವರೆಗಿನ ಉಡುಪಿಯ ಕಡಲತಡಿಯಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ರೆಸಾರ್ಟ್ ಏಳಬಹುದು ಎಂಬುದನ್ನು ಈಗ ಹೇಳುವುದು ಈ ಬರಹವೇ. ಆದ್ದರಿಂದ ಇದರ ಭಾಷೆಯನ್ನು, ಇದು ಯಾರನ್ನು ಕಾಣುತ್ತದೆ, ಯಾರನ್ನು ಕಾಣುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಮೊದಲು ಸ್ವಲ್ಪ ಚರಿತ್ರೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಜಾಗವನ್ನು ಯಾವುದೇ ಕಾಮಗಾರಿಯಿಲ್ಲದೆ ಉಳಿಸಿಕೊಳ್ಳಬೇಕೆಂದು ಸೂಚಿಸಿದ್ದರು. ಹತ್ತು ವರ್ಷಗಳ ನಂತರ, 1991ರ ಫೆಬ್ರವರಿಯಲ್ಲಿ, ಅದು ಕಾನೂನಿನ ರೂಪ ಪಡೆಯಿತು. ಹಳ್ಳಿಗಾಡಿನ ಕರಾವಳಿಯಲ್ಲಿ ಮೊದಲ 200 ಮೀಟರ್ 'ಅಭಿವೃದ್ಧಿ ನಿಷೇಧಿತ ವಲಯ'ವಾಯಿತು. ಕಡಲ ನೀರು ಏರಿಳಿಯುವ ನದಿ, ಹಿನ್ನೀರುಗಳ ದಂಡೆಗೆ 100 ಮೀಟರ್ ರಕ್ಷಣೆ ಸಿಕ್ಕಿತು. ಹೊಟೇಲ್ ಉದ್ಯಮಕ್ಕೆ ಇದು ಹಿಡಿಸಲಿಲ್ಲ. 1994ರ ತಿದ್ದುಪಡಿ ನದಿದಂಡೆಯ 100 ಮೀಟರನ್ನು 50ಕ್ಕೆ ಇಳಿಸಿತು. 200 ಮೀಟರ್ ಒಳಗೂ ತನಗೆ ಬೇಕಾದ ಕಡೆ ಅನುಮತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರ ತನ್ನ ಕೈಯಲ್ಲಿಟ್ಟುಕೊಂಡಿತು. 1996ರಲ್ಲಿ ಸುಪ್ರೀಮ್ ಕೋರ್ಟ್ ಇವೆರಡನ್ನೂ ತಳ್ಳಿಹಾಕಿತು. ಪರಿಸರ ರಕ್ಷಣೆಗೆಂದು ಮಾಡಿದ ಕಾನೂನನ್ನು ಆ ಉದ್ದೇಶಕ್ಕೇ ವಿರುದ್ಧವಾಗಿ ತಿದ್ದುವಂತಿಲ್ಲ ಎಂಬುದು ತೀರ್ಪಿನ ತಿರುಳು.

ಆದರೆ 2019ರ ಬರಹದಲ್ಲಿ ಅದೇ 50 ಮೀಟರ್ ಮರಳಿ ಬಂದಿದೆ. ನದಿ, ಹಿನ್ನೀರುಗಳ ದಂಡೆಯಲ್ಲಿ 50 ಮೀಟರ್ ಅಥವಾ ತೊರೆಯ ಅಗಲ, ಎರಡರಲ್ಲಿ ಕಡಿಮೆಯಾದದ್ದು. ಕಡಲ ದಡದಲ್ಲಿ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ನಿಷೇಧಿತ ವಲಯ 200ರಿಂದ 50 ಮೀಟರಿಗೆ ಇಳಿಯುತ್ತದೆ. ಜನಸಾಂದ್ರತೆ ಇದಕ್ಕಿಂತ ಕಡಿಮೆಯಿರುವ ಊರುಗಳಲ್ಲಿ 200 ಮೀಟರೇ ಮುಂದುವರಿಯುತ್ತದೆ. ಅಳತೆಗೋಲು 2011ರ ಜನಗಣತಿ. ತೆಂಗಿನ ತೋಟಗಳ ನಡುವೆ ಚದುರಿದ ಮನೆಗಳಿರುವ ನಮ್ಮ ತುಳುನಾಡಿನ ಊರುಗಳನ್ನು ಈ ಒಂದು ಅಂಕಿಯಿಂದ ಅಳೆಯಲು ಹೊರಟರೆ ಒಂದೇ ಬಗೆಯ ಬದುಕಿಗೆ ಎರಡು ಬಗೆಯ ಕಾನೂನು ಅನ್ವಯವಾಗುತ್ತದೆ. ಅಲೆಯಾದರೋ ಎರಡೂ ಊರಿಗೆ ಒಂದೇ ಬಲದಿಂದ ಬಡಿಯುತ್ತದೆ.

ಬರಹ ಕಾಣುವ ಕಡಲು

ಈ ಅಧಿಸೂಚನೆಯ ಮೂರು ಅಂಶಗಳನ್ನು ಒಟ್ಟಿಗಿಟ್ಟು ಓದಬೇಕು.

ಒಂದು, ಕಡಲತಡಿಯಲ್ಲಿ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟು ಪ್ರವಾಸೋದ್ಯಮದ 'ತಾತ್ಕಾಲಿಕ' ಸೌಕರ್ಯಗಳನ್ನು ಮಾಡಬಹುದು. ಇದು ನಿಷೇಧಿತ ವಲಯದ ಒಳಗೂ ಅನ್ವಯ. ಎರಡು, ನಿಷೇಧಿತ ವಲಯದ ಮೂಲಕ ರಾಷ್ಟ್ರೀಯ ಅಥವಾ ರಾಜ್ಯ ಹೆದ್ದಾರಿ ಹಾದುಹೋದರೆ, ರಸ್ತೆಯ ನೆಲದ ಕಡೆಗೆ ಹೊಟೇಲ್, ರೆಸಾರ್ಟ್‌ಗಳಿಗೆ ಅವಕಾಶವಿದೆ. ಮೂರು, ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯಗಳು ತಮ್ಮ ಮನೆಯ ತಳಪಾಯ, ವಿನ್ಯಾಸ, ಮುಖಭಾಗವನ್ನು ಬದಲಿಸದೆ 'ಹೋಮ್ ಸ್ಟೇ' ನಡೆಸಿಕೊಳ್ಳಬಹುದು.

ಈ ಮೂರರಲ್ಲೂ ಕಡಲು ಒಂದು ನೋಟವಾಗಿಯೇ ಬರುತ್ತದೆ. ರೆಸಾರ್ಟಿನವನಿಗೆ ಮಾರಾಟದ ನೋಟ, ಪ್ರವಾಸಿಗನಿಗೆ ಕೊಳ್ಳುವ ನೋಟ. ಮೀನುಗಾರನಿಗೆ ಸಿಕ್ಕ ಪಾತ್ರ ಆತಿಥೇಯನದು, ಅದೂ ಮನೆಯ ಮುಖ ಬದಲಿಸದೆ. ಕುಟುಂಬ ಬೆಳೆದು ಇನ್ನೊಂದು ಕೋಣೆ ಬೇಕಾದರೆ ತಳಪಾಯ ಅಡ್ಡ ಬರುತ್ತದೆ. ಆದರೆ ಇರುವ ಕೋಣೆಯನ್ನು ಪ್ರವಾಸಿಗನಿಗೆ ಬಾಡಿಗೆಗೆ ಕೊಡಲು ಅಡ್ಡಿಯಿಲ್ಲ!

ಹೆದ್ದಾರಿಯ ಅಂಶವನ್ನು ನಮ್ಮ ಜಿಲ್ಲೆಯಲ್ಲೇ ಇಟ್ಟು ನೋಡಬಹುದು. ತ್ರಾಸಿ-ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ತಾಗಿಕೊಂಡೇ ಹೋಗುತ್ತದೆ. ಹೆದ್ದಾರಿಯನ್ನು ಉಳಿಸುವುದಕ್ಕೇ ಅಲ್ಲಿ ಕಡಲಿಗೆ ಕಲ್ಲು ಸುರಿಯಬೇಕಾಗಿ ಬಂದಿದೆ. ಹೆದ್ದಾರಿಯೊಂದು ನಡುವೆ ಇದೆ ಎಂಬ ಕಾರಣಕ್ಕೆ ಅದರಾಚೆಯ ನೆಲ ಅಪಾಯದಿಂದ ಪಾರಾಗುತ್ತದೆಯೇ? ಇಲ್ಲಿ ರಸ್ತೆಯನ್ನು ಕಾನೂನು ಕೋಟೆಗೋಡೆಯೆಂದು ಭಾವಿಸಿದಂತಿದೆ.

ಬಿರುಗಾಳಿ ಕೇಳಿದ ಪ್ರಶ್ನೆ

2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಚಂಡಮಾರುತ ಕಾಪು, ಉಚ್ಚಿಲ, ಪಡುಬಿದ್ರಿಯಿಂದ ಮರವಂತೆಯವರೆಗೆ ಕಡಲತಡಿಯನ್ನು ಜರ್ಜರಿತಗೊಳಿಸಿತು. ಕಾಪು ದೀಪಸ್ತಂಭದಾಚೆ ಬಂಡೆಗಳ ನಡುವೆ ಸಿಲುಕಿದ ಟಗ್ಗೊಂದರಿಂದ ಒಂಬತ್ತು ಮಂದಿಯನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಸೇರಿ ರಕ್ಷಿಸಿದವು. ಅದೇ ದಿನಗಳಲ್ಲಿ ಮಗುಚಿದ ಇನ್ನೊಂದು ಟಗ್‌ನ ಕೆಲಸಗಾರರಲ್ಲಿ ಕೆಲವರು ಬದುಕಿ ಬರಲಿಲ್ಲ. ದಡದಲ್ಲಿ ರಸ್ತೆಗಳು ಕುಸಿದವು, ತೆಂಗಿನ ಮರಗಳು ಉರುಳಿದವು, ಮನೆಗಳಿಗೆ ನೀರು ನುಗ್ಗಿತು.

ಅದಾದ ಒಂದು ವರ್ಷಕ್ಕೆ, 2022ರ ಮೇ ತಿಂಗಳಲ್ಲಿ, ಮಲ್ಪೆ ಕಡಲ ಕಿನಾರೆಯಲ್ಲಿ ಪ್ರವಾಸಿಗರಿಗಾಗಿ ಸುಮಾರು 100 ಮೀಟರ್ ಉದ್ದದ ತೇಲುವ ಸೇತುವೆ ಉದ್ಘಾಟನೆಯಾಯಿತು. ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಅದು ಬಿಡಿಬಿಡಿಯಾಯಿತು. ಆಗ ಬಂಗಾಳ ಕೊಲ್ಲಿಯಲ್ಲಿ ಅಸಾನಿ ಚಂಡಮಾರುತವಿತ್ತು. ಪ್ರಾಣಹಾನಿಯಾಗದಿದ್ದುದು ಪುಣ್ಯ. ಮೇ ತಿಂಗಳಲ್ಲಿ ಕಡಲು ಕೆರಳುವ ಹೊತ್ತಾಯಿತೆಂದು ಮಲ್ಪೆಯ ಯಾವ ಮೀನುಗಾರನೂ ಹೇಳಬಲ್ಲವನಾಗಿದ್ದ. ಅವನನ್ನು ಕೇಳುವ ಅಗತ್ಯ ಯೋಜನೆ ಹಾಕಿದವರಿಗೆ ಕಾಣಲಿಲ್ಲ.

ಬಿರುಗಾಳಿಯ ನಂತರ ಸರಕಾರಕ್ಕೆ ತಿಳಿದಿರುವ ಪುನರ್ನಿರ್ಮಾಣವೆಂದರೆ ಕಲ್ಲಿನ ತಡೆಗೋಡೆ. ಕಡಲ್ಕೊರೆತ ಎಂದೊಡನೆ ಒಳನಾಡಿನ ಕ್ವಾರಿಗಳಿಂದ ಲಾರಿಗಟ್ಟಲೆ ಬಂಡೆಗಳು ದಡಕ್ಕೆ ಬರುತ್ತವೆ. ಒಂದೆರಡು ಮಳೆಗಾಲದಲ್ಲಿ ಅವು ಮರಳಿನೊಳಗೆ ಇಳಿಯುತ್ತವೆ. ಮತ್ತೆ ಟೆಂಡರು, ಮತ್ತೆ ಬಂಡೆ. ಕಡಲು ಮಳೆಗಾಲದಲ್ಲಿ ಮರಳನ್ನು ಒಯ್ದು, ಮಳೆ ಕಳೆದ ಮೇಲೆ ಮರಳಿ ತಂದು ಹಾಕುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನೇ ಎಳೆದೊಯ್ಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದ ಊರನ್ನು ಕೊರೆಯುತ್ತದೆ. ಅಲ್ಲಿಗೆ ಪಕ್ಕದ ಊರಿಗೂ ಗೋಡೆ ಬೇಕಾಗುತ್ತದೆ. ಗೋಡೆ ಬಂದ ದಡದಲ್ಲಿ ದೋಣಿ ಎಳೆದಿಡಲು ಜಾಗವಿಲ್ಲ, ಬಲೆ ಎಳೆಯಲು ಮರಳಿಲ್ಲ.

ನಿಜವಾಗಿ ಇದಕ್ಕೊಂದು ಉತ್ತರ 2011ರ ಅಧಿಸೂಚನೆಯಲ್ಲಿತ್ತು. ಅಲೆ, ಉಬ್ಬರ, ಸಮುದ್ರಮಟ್ಟದ ಏರಿಕೆ, ದಡದ ಸವೆತಗಳನ್ನು ಲೆಕ್ಕಹಾಕಿ 'ಅಪಾಯದ ಗೆರೆ'ಯೊಂದನ್ನು ಗುರುತಿಸಿ, ಅದನ್ನೂ ನಿಯಂತ್ರಣದ ಭಾಗವಾಗಿಸುವ ಕ್ರಮವದು. ವಿಜ್ಞಾನ ಹೇಳುವ ಗೆರೆ, ಕಾನೂನು ಹೇಳುವ ಗೆರೆ ಎರಡೂ ಹತ್ತಿರ ಬರುವ ಸಾಧ್ಯತೆ ಅಲ್ಲಿತ್ತು. 2019ರ ಬರಹದಲ್ಲಿ ಅಪಾಯದ ಗೆರೆ ಉಳಿದಿದೆ, ಆದರೆ ಕೇವಲ ವಿಪತ್ತು ನಿರ್ವಹಣೆಯ ಸಾಧನವಾಗಿ. ಅಂದರೆ ಕಡಲು ಎಲ್ಲಿಯವರೆಗೆ ಬರಬಹುದೆಂದು ಸರಕಾರಕ್ಕೆ ಗೊತ್ತು. ಆದರೆ ಆ ತಿಳಿವಳಿಕೆಯ ಆಧಾರದಲ್ಲಿ ಯಾರನ್ನೂ ಕಟ್ಟಬೇಡವೆಂದು ಅದು ತಡೆಯುವುದಿಲ್ಲ. ಬಿರುಗಾಳಿಗಳು ಹೆಚ್ಚುತ್ತಿರುವ ಅರಬ್ಬೀ ಸಮುದ್ರದ ದಡದಲ್ಲಿ ಇದನ್ನು ಸುಧಾರಣೆ ಎಂದು ಕರೆಯಲು ಸಾಧ್ಯವಿಲ್ಲ.

ಖಾಲಿ ಜಾಗವಲ್ಲ, ಕೆಲಸದ ಜಾಗ

ನಕ್ಷೆಯಲ್ಲಿ ಖಾಲಿ ಕಾಣುವ ಮರಳಿನ ಪಟ್ಟಿ ನಿಜವಾಗಿ ಒಂದು ಕೆಲಸದ ಜಾಗ. ದೋಣಿ ಏರಿಸುವುದು, ಬಲೆ ಹರವುವುದು, ಮೀನು ಒಣಗಿಸುವುದು, ಹರಾಜು ಕೂಗುವುದು ಎಲ್ಲವೂ ಇಲ್ಲಿಯೇ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿಗಳು ಮರೆಯಾದವು. ಸಣ್ಣ ಕೈರಂಪಣಿ ಮಾತ್ರ ಉಳಿದುಕೊಂಡಿದೆ. ಅದಕ್ಕೆ ಬೇಕಾದದ್ದು ಡೀಸೆಲ್ ಅಲ್ಲ, ಅಡೆತಡೆಯಿಲ್ಲದ ದಡ. ಈ ದಡವನ್ನು ನೆಚ್ಚಿದವರು ಮೊಗವೀರರು, ಖಾರ್ವಿಗಳು ಮಾತ್ರವಲ್ಲ. ಮೀನು ಕೊಂಡು ಹಳ್ಳಿಹಳ್ಳಿಗೆ ಒಯ್ದು ಮಾರುವ ಬ್ಯಾರಿಗಳು, ಬುಟ್ಟಿ ಹೊತ್ತ ಮಹಿಳೆಯರು, ಮಂಜುಗಡ್ಡೆಯ ಕೆಲಸದವರು ಎಲ್ಲರೂ ಇದ್ದಾರೆ. ಕಡಲು ಕಾಣದ ನಮ್ಮ ಶಿರ್ವದ ಮಂಚಕಲ್ ಪೇಟೆಯಲ್ಲಿ ಸಿಗುವ ಬೂತಾಯಿ, ಬಂಗುಡೆಗೂ ಈ ದಡಕ್ಕೂ ನೇರ ಸಂಬಂಧವಿದೆ. ಇದನ್ನು ಕಡಲತಡಿಯವರ ಸಮಸ್ಯೆಯೆಂದು ಒಳನಾಡಿನವರು ಸುಮ್ಮನಿರುವಂತಿಲ್ಲ.

ಪಡುಬಿದ್ರಿಯ ಎಂಡ್ ಪಾಯಿಂಟ್ ಕಿನಾರೆಗೆ 2020ರ ಅಕ್ಟೋಬರಿನಲ್ಲಿ 'ಬ್ಲೂ ಫ್ಲ್ಯಾಗ್' ಮನ್ನಣೆ ದೊರೆಯಿತು. ಹೊನ್ನಾವರದ ಕಾಸರಕೋಡಿಗೂ ಆಗಲೇ ದೊರೆಯಿತು. ನೀರಿನ ಶುದ್ಧತೆ, ಸ್ವಚ್ಛತೆ, ಜೀವರಕ್ಷಕರು, ಅಂಗವಿಕಲರಿಗೆ ದಾರಿ ಮುಂತಾಗಿ 33 ಮಾನದಂಡಗಳು ಇದಕ್ಕಿವೆ. ಇವೆಲ್ಲ ಒಳ್ಳೆಯವೇ, ಶುಚಿಯಾದ ಕಡಲತಡಿಯನ್ನು ಯಾರು ಬೇಡವೆನ್ನುತ್ತಾರೆ? ಆದರೆ ಈ ಮನ್ನಣೆಗೆ ಬೇಕಾದ ಸೌಕರ್ಯಗಳಿಗಾಗಿ 2020ರ ಜನವರಿಯಲ್ಲಿ ಕರಾವಳಿ ನಿಯಮವನ್ನೇ ಸಡಿಲಿಸಲಾಯಿತು ಎಂಬುದನ್ನು ಮರೆಯಬಾರದು. ಪ್ರವಾಸಿಗನ ಬಟ್ಟೆ ಬದಲಿಸುವ ಕೋಣೆಗಾಗಿ ನಿಯಮ ತಿದ್ದಲು ತೋರಿದ ಆತುರವನ್ನು, ಮೀನು ಒಣಗಿಸುವ ಕಟ್ಟೆಗೋ ಬಲೆ ಇಡುವ ಕೊಟ್ಟಿಗೆಗೋ ತೋರಿಸಿದ್ದರೆ ಪರಿಸ್ಥಿತಿ ಬೇರೆಯಿರುತ್ತಿತ್ತು.

ಇನ್ನೊಂದು ಪ್ರಶ್ನೆಯೂ ಇದೆ. ಪ್ರವಾಸಿಗರು ಬಂದರೆ ಅಂಗಡಿಗಳು ಬರುತ್ತವೆ, ಸ್ಥಳೀಯರಿಗೆ ಉದ್ಯೋಗ ಸಿಗುತ್ತದೆ ಎನ್ನುತ್ತಾರೆ. ಸ್ಥಳೀಯರೆಂದರೆ ಯಾರು? 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ನಿರಾಕರಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಕಡಲತಡಿ ಯಾವ ಧರ್ಮದ ಅಂಗಳವೂ ಅಲ್ಲ. ಅಲ್ಲಿನ ಮಳಿಗೆಗಳ ಹಂಚಿಕೆ ಹೇಗೆ, ಯಾರ ಸಮ್ಮುಖದಲ್ಲಿ ಎಂಬುದು ಬರಹದಲ್ಲಿ ಸ್ಪಷ್ಟವಾಗದಿದ್ದರೆ, ಜೋರು ಇದ್ದವನದೇ ಮಳಿಗೆಯಾಗುತ್ತದೆ.

ಶ್ರೀಲಂಕಾದ ಪಾಠ

ಕಾನೂನಿನ ಸಡಿಲಿಕೆಯನ್ನು ಕಡಲತಡಿಯ ಜನರೇ ಕೇಳಿದ್ದರು ಎಂಬ ವಾದವಿದೆ. ಇದರಲ್ಲಿ ಸುಳ್ಳಿಲ್ಲ. ಸೋರುವ ಮಾಡು ರಿಪೇರಿ ಮಾಡಲು, ಮಗನಿಗೊಂದು ಮನೆ ಕಟ್ಟಲು ಕಚೇರಿಯಿಂದ ಕಚೇರಿಗೆ ಅಲೆದು ಬೇಸತ್ತ ಸಾಮಾನ್ಯರು 'ಸಿಆರ್‌ಝಡ್' ಎಂಬ ಹೆಸರು ಕೇಳಿದರೇ ಸಿಡುಕುತ್ತಾರೆ. ಅವರ ಸಿಟ್ಟು ನ್ಯಾಯವಾದುದು. ಆದರೆ ಅವರು ಕೇಳಿದ್ದು ವಾಸದ ಮನೆಗೆ ರಿಯಾಯಿತಿ; ದೊರೆತದ್ದು ಜಮೀನಿನ ಮಾರುಕಟ್ಟೆಗೆ ರಿಯಾಯಿತಿ. ಗೆರೆ 50 ಮೀಟರಿಗೆ ಬಂದೊಡನೆ ಬೆಲೆ ಏರುವ ಜಾಗವನ್ನು ಉಳಿಸಿಕೊಳ್ಳುವ ಶಕ್ತಿ ಸಾಲದಲ್ಲಿರುವ ದೋಣಿಯವನಿಗಿದೆಯೇ?

2004ರ ಸುನಾಮಿಯ ನಂತರ ಶ್ರೀಲಂಕಾ ಸರಕಾರ ದಕ್ಷಿಣ-ಪಶ್ಚಿಮದಲ್ಲಿ 100 ಮೀಟರ್, ಉತ್ತರ-ಪೂರ್ವದಲ್ಲಿ 200 ಮೀಟರ್ ವಲಯವನ್ನು ಘೋಷಿಸಿ, ಮನೆ ಕಳಕೊಂಡ ಮೀನುಗಾರರು ಅಲ್ಲಿ ಮತ್ತೆ ಮನೆ ಕಟ್ಟಬಾರದೆಂದಿತು. ಪ್ರವಾಸೋದ್ಯಮಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಮೀನುಗಾರನನ್ನು ಕೊಲ್ಲುವ ಅಲೆ ಹೊಟೇಲಿನ ಅತಿಥಿಯನ್ನು ಬಿಟ್ಟುಬಿಡುತ್ತದೆಯೇ ಎಂದು ಅಲ್ಲಿನ ಜನ ಕೇಳಿದರು. ಪ್ರತಿಭಟನೆಯ ಒತ್ತಡದಿಂದ ಆ ನಿಯಮ ಕ್ರಮೇಣ ಸಡಿಲವಾಯಿತು. ನಮ್ಮಲ್ಲೂ ಸುನಾಮಿಯ ಬಳಿಕ ಎಂ.ಎಸ್. ಸ್ವಾಮಿನಾಥನ್ ಸಮಿತಿಯ ವರದಿಯನ್ನು ಮುಂದಿಟ್ಟುಕೊಂಡು 2008ರಲ್ಲಿ ಹೊಸ ಕರಡೊಂದು ಬಂದಾಗ ದೇಶದ ಮೀನುಗಾರ ಸಂಘಟನೆಗಳು ಬೀದಿಗಿಳಿದವು. 2009ರಲ್ಲಿ ಅದನ್ನು ಕೈಬಿಡಬೇಕಾಯಿತು. ಓದಿದ ಜನ, ಪ್ರಶ್ನಿಸಿದ ಜನ ಬರಹವನ್ನು ಬದಲಿಸಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ಹರೀಮಿನ ವಿವೇಕ

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ 'ಹರೀಮ್' ಎಂಬ ಪರಿಕಲ್ಪನೆಯಿದೆ. ಬಾವಿ, ತೊರೆ, ನದಿಗಳ ಸುತ್ತ ಒಂದಷ್ಟು ಜಾಗವನ್ನು ಯಾರೂ ಸ್ವಂತ ಮಾಡಿಕೊಳ್ಳದಂತೆ, ಕಟ್ಟದಂತೆ ಬಿಡಬೇಕು. ನೀರು ಕೆಡಬಾರದು, ನೀರಿನ ಬಳಿ ಬರುವವರ ದಾರಿ ಮುಚ್ಚಬಾರದು ಎಂಬುದು ಅದರ ಉದ್ದೇಶ. ನೀರು, ಹುಲ್ಲುಗಾವಲು, ಬೆಂಕಿಗಳಲ್ಲಿ ಜನರೆಲ್ಲ ಪಾಲುದಾರರು ಎಂಬ ಪ್ರವಾದಿ(ಸ)ಯವರ ಬೋಧನೆ ಇದರ ಹಿನ್ನೆಲೆಯಲ್ಲಿದೆ. ನಮ್ಮ ಸುಪ್ರೀಮ್ ಕೋರ್ಟ್ 1996ರ ಕಮಲ್‌ನಾಥ್ ಪ್ರಕರಣದಲ್ಲಿ ಇಂತಹುದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳಿತು: ಕಡಲತಡಿ, ಹರಿವ ನೀರು, ಗಾಳಿ, ಕಾಡುಗಳಿಗೆ ಸರಕಾರ ಮಾಲೀಕನಲ್ಲ, ಜನರ ಪರವಾದ ವಿಶ್ವಸ್ಥ ಮಾತ್ರ. ಹರೀಮ್ ಜಾಗವನ್ನು ಬಿಡುವುದು ಎಲ್ಲರ ಬಳಕೆಗಾಗಿ. 2019ರ ಅಧಿಸೂಚನೆ ಗೆರೆಯನ್ನು ಸರಿಸಿರುವುದು ಕೊಳ್ಳಬಲ್ಲವರ ಬಳಕೆಗಾಗಿ. ಎರಡರ ನಡುವಿನ ವ್ಯತ್ಯಾಸ ಮೀಟರುಗಳದ್ದಲ್ಲ, ನೀತಿಯದ್ದು.

ವಿಚಿತ್ರವೆಂದರೆ, ಇದೇ ಅಧಿಸೂಚನೆಯ ಅನುಬಂಧದಲ್ಲಿ ಒಂದು ಒಳ್ಳೆಯ ಮಾತಿದೆ. ಮೀನುಗಾರರ ಊರುಗಳು, ಅವರ ಸಾಮುದಾಯಿಕ ಜಾಗಗಳು, ಮೀನು ಒಣಗಿಸುವ ತಾಣಗಳು, ಮಂಜುಗಡ್ಡೆ ಘಟಕಗಳು, ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಸರ್ವೆ ನಂಬರ್ ಮಟ್ಟದ ನಕ್ಷೆಯಲ್ಲಿ ಗುರುತಿಸಬೇಕು. ಅವರ ದೀರ್ಘಕಾಲದ ವಸತಿಗೆ, ನೈರ್ಮಲ್ಯಕ್ಕೆ, ವಿಪತ್ತು ಸಿದ್ಧತೆಗೆ ರಾಜ್ಯ ಸರಕಾರ ವಿವರವಾದ ಯೋಜನೆ ರೂಪಿಸಬೇಕು ಎಂದಿದೆ. ಬರಹದ ಮುಖ್ಯಭಾಗದಲ್ಲಿ ಆತಿಥೇಯನಾಗಿ ಮಾತ್ರ ಕಾಣಿಸಿದ ಮೀನುಗಾರ ಅನುಬಂಧದಲ್ಲಿ ಮನುಷ್ಯನಾಗಿ ಕಾಣಿಸುತ್ತಾನೆ.

ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿಯ ಜನ ಹಿಡಿದು ಜಗ್ಗಬೇಕಾದದ್ದು ಈ ಅನುಬಂಧವನ್ನು. ನಮ್ಮ ಊರಿನ ಮೀನು ಒಣಗಿಸುವ ಜಾಗ, ದೋಣಿ ಎಳೆಯುವ ದಾರಿ ನಕ್ಷೆಯಲ್ಲಿದೆಯೇ ಎಂದು ಗ್ರಾಮಸಭೆಗಳಲ್ಲಿ, ಪುರಸಭೆಯಲ್ಲಿ ಕೇಳಬೇಕು. ವಸತಿ ಯೋಜನೆ ಸಿದ್ಧವಾಗುವ ಮೊದಲು ರೆಸಾರ್ಟಿಗೆ ಅನುಮತಿ ಏಕೆ ಎಂದು ಕೇಳಬೇಕು. ಅಪಾಯದ ಗೆರೆಯನ್ನು ಊರಿನ ಗೋಡೆಯ ಮೇಲೆ ಬರೆದು ತೋರಿಸಿ, ಅದು ಮನೆಗೂ ಹೊಟೇಲಿಗೂ ಒಂದೇ ಆಗಿರಲಿ ಎಂದು ಒತ್ತಾಯಿಸಬೇಕು. ಮಸೀದಿಯ ಜಮಾಅತ್, ಮೊಗವೀರ ಗ್ರಾಮಸಭೆ, ಚರ್ಚ್‌ನ ವಾಳೆ ಕೂಟಗಳು ಒಟ್ಟಿಗೆ ಕೂತು ಓದಬೇಕಾದ ಬರಹವಿದು. ಇನ್ನೊಂದು ತೌಕ್ತೆ ಬರುವ ಮೊದಲು ಓದಿದರೆ ಒಳ್ಳೆಯದು.